ಹೆಣೆಯುವ ಕೈ ಇಲ್ಲದ ಜಡೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ, ಕಂಪ್ಯೂಟರ್ ಉದ್ಯೋಗಗಳ ಬಗ್ಗೆ ನಾಲ್ಕು ಮಾತಾಡಿ ಅಂದರು. ಅದನ್ನು ಹೇಳುವವರು ಊರಿಗೆ ಹತ್ತು ಜನ ಇದ್ದಾರೆ, ಬೇರೆ ವಿಷಯ ಕೊಡಿ ಅಂತ ಕೇಳಿಕೊಂಡೆ. ನಾನು ಆರಿಸಿಕೊಂಡ ವಿಷಯ ಇದು: ಈ ಭೂಮಿಯ ಮೇಲೆ ಜೀವ ಮೊದಲ ಸಲ ಹೇಗೆ ಶುರುವಾಗಿರಬಹುದು?

ನಾನು ಓದಿದ್ದು ಬಿಇ, ಬರೆಯುವುದು ಸಾಫ್ಟ್‌ವೇರ್. ಜೀವಶಾಸ್ತ್ರ ನನ್ನ ಕಸುಬಲ್ಲ. ಆದರೆ ಅಕ್ಷರಗಳನ್ನು ಸಾಲಾಗಿ ಜೋಡಿಸುವುದು, ಒಂದು ಅಕ್ಷರವೂ ತಪ್ಪದ ಹಾಗೆ ನಕಲು ಮಾಡುವುದು ನನ್ನ ದಿನದ ಕೆಲಸ. ಪ್ರತಿಯೊಂದು ಜೀವಕೋಶದೊಳಗೂ ಅದೇ ಕೆಲಸ ನಡೆಯುತ್ತಿದೆ. ಕುತೂಹಲ ಹುಟ್ಟಿದ್ದು ಅಲ್ಲಿಂದ.

ಇನ್ನೊಂದು ಕಾರಣವೂ ಇದೆ. ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ಅನುವಂಶೀಯತೆ ಮತ್ತು ಜೀವವಿಕಾಸ ಎಂಬ ಪಾಠವಿತ್ತು. ಕೋವಿಡ್ ನಂತರ ಪಠ್ಯದ ಭಾರ ಇಳಿಸುವ ಹೆಸರಿನಲ್ಲಿ ಅದರಿಂದ ವಿಕಾಸದ ಭಾಗವನ್ನು ತೆಗೆದರು. ಜೀವದ ಉಗಮದ ಬಗ್ಗೆ ಇದ್ದ ಸಣ್ಣ ಭಾಗವೂ ಅದರ ಜೊತೆಗೇ ಹೋಯಿತು. 2023ರಲ್ಲಿ ದೇಶದ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಇದು ಸರಿಯಲ್ಲ ಎಂದು ಪತ್ರ ಬರೆದರು. ಪಿಯುಸಿಯಲ್ಲಿ ಹೇಗೂ ಓದುತ್ತಾರಲ್ಲ ಅನ್ನುವುದು ಕೊಟ್ಟ ಸಮಾಧಾನ. ನಮ್ಮಂಥ ಶಾಲೆಯಿಂದ ಹೊರಹೋಗುವ ಮಕ್ಕಳಲ್ಲಿ ಎಷ್ಟು ಜನ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳುತ್ತಾರೆ? ಕಾಮರ್ಸ್‌ಗೆ, ಆರ್ಟ್ಸ್‌ಗೆ, ಐಟಿಐಗೆ ಹೋಗುವವರಿಗೆ, ಗದ್ದೆ ತೋಟ ನೋಡಿಕೊಳ್ಳುವವರಿಗೆ ಹತ್ತನೇ ತರಗತಿಯೇ ಕೊನೆಯ ವಿಜ್ಞಾನ. ಅಲ್ಲಿ ಕೇಳದಿದ್ದರೆ ಈ ಪ್ರಶ್ನೆಯನ್ನು ಅವರು ಮುಂದೆ ಎಲ್ಲೂ ಕೇಳುವುದಿಲ್ಲ. ಹಾಗಾಗಿ ಇವತ್ತಿನ ನನ್ನ ಅರ್ಧ ಗಂಟೆಯನ್ನು ಇದಕ್ಕೇ ಇಟ್ಟುಕೊಂಡಿದ್ದೇನೆ.

ನಮ್ಮೂರ ಹೆಸರು ಜಡೆ. ಆ ಹೆಸರು ಹೇಗೆ ಬಂತು ಎನ್ನುವುದನ್ನು ಹಿರಿಯರಿಗೆ ಬಿಡುತ್ತೇನೆ, ನನಗೆ ಬೇಕಾಗಿರುವುದು ಪದ ಮಾತ್ರ. ಡಿಎನ್‌ಎ ಅಂದರೂ ಒಂದು ಜಡೆಯೇ. ಅಮ್ಮ ಹಾಕುವ ಜಡೆಗೆ ಮೂರೆಳೆ, ಇದಕ್ಕೆ ಎರಡೆಳೆ. ಎರಡೂ ಎಳೆಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಒಂದೊಂದು ಎಳೆಯೂ ಪುಟ್ಟ ಪುಟ್ಟ ಮಣಿಗಳ ಸರ. ಒಂದು ಮಣಿಯಲ್ಲಿ ಮೂರು ಭಾಗ: ಒಂದು ಸಕ್ಕರೆ, ಒಂದು ಫಾಸ್ಫೇಟ್, ಒಂದು ಅಕ್ಷರ. ಫಾಸ್ಫೇಟ್ ಅಂದರೆ ಹೆದರಬೇಡಿ, ನಾವು ಜೋಳಕ್ಕೆ ಹಾಕುವ ಡಿಎಪಿಯಲ್ಲಿರುವ ಪಿ ಅದೇ. ಅಕ್ಷರಗಳು ನಾಲ್ಕೇ: ಎ, ಟಿ, ಜಿ, ಸಿ. ಒಂದು ಎಳೆಯ ಎ ಎದುರಿಗೆ ಇನ್ನೊಂದು ಎಳೆಯಲ್ಲಿ ಟಿ ಬರಬೇಕು, ಜಿ ಎದುರಿಗೆ ಸಿ. ರವಿಕೆಯ ಒತ್ತುಗುಂಡಿ ನೆನಪಿಸಿಕೊಳ್ಳಿ. ಎ–ಟಿ ನಡುವೆ ಎರಡು ಗುಂಡಿ, ಜಿ–ಸಿ ನಡುವೆ ಮೂರು. ಗಟ್ಟಿಯಾಗಿ ಹೊಲಿದದ್ದಲ್ಲ, ಒತ್ತಿದರೆ ಕೂರುತ್ತವೆ, ಎಳೆದರೆ ಬಿಚ್ಚುತ್ತವೆ. ಈ ರಚನೆಯನ್ನು ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಹೇಳಿದರು. ರೊಸಾಲಿಂಡ್ ಫ್ರಾಂಕ್ಲಿನ್ ಅವರ ಎಕ್ಸ್-ರೇ ಚಿತ್ರಗಳಿಲ್ಲದೆ ಅದು ಆಗುತ್ತಿರಲಿಲ್ಲ.

ಮನುಷ್ಯನ ಒಂದು ಪೂರ್ತಿ ಸೆಟ್‌ನಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ನನ್ನ ಕಸುಬಿನ ಲೆಕ್ಕದಲ್ಲಿ ಹೇಳುವುದಾದರೆ ಅಕ್ಷರಕ್ಕೆ 2 ಬಿಟ್, ಒಟ್ಟು ಸುಮಾರು 750 ಎಂಬಿ. ನೀವು ಫೋನಿಗೆ ಇಳಿಸಿಕೊಳ್ಳುವ ಒಂದು ಸಿನಿಮಾದಷ್ಟು. ಮನುಷ್ಯ ಮಾಡಿಕೊಳ್ಳುವ ಹಮ್ಮಿಗೆ ಇದು ಸ್ವಲ್ಪ ಕಡಿಮೆಯೇ ಅನಿಸುತ್ತದೆ.

ಗುಂಡಿ ಬಿಚ್ಚಿ ಮತ್ತೆ ಕೂರುವುದನ್ನು ನಿಮ್ಮಲ್ಲಿ ಬಹಳ ಜನ ಬಳಸಿಕೊಂಡಿದ್ದೀರಿ. ಕೋವಿಡ್ ಕಾಲದಲ್ಲಿ ಗಂಟಲಿಗೆ ಕಡ್ಡಿ ಹಾಕಿ ಆರ್‌ಟಿ–ಪಿಸಿಆರ್ ಮಾಡಿಸಿಕೊಂಡಿರಲ್ಲ, ಅಲ್ಲಿ ಯಂತ್ರ ಮಾಡುವುದು ಬಿಸಿ, ತಂಪು, ಬಿಸಿ, ತಂಪು. ಸುಮಾರು 95 ಡಿಗ್ರಿಗೆ ಕಾಯಿಸಿದರೆ ಜಡೆ ಬಿಚ್ಚಿ ಎರಡೆಳೆಯಾಗುತ್ತದೆ. ತಣಿಸಿದರೆ ಪ್ರತಿ ತುಂಡೂ ತನ್ನ ಜೋಡಿಯನ್ನು ತಾನೇ ಹುಡುಕಿಕೊಂಡು ಅಂಟಿಕೊಳ್ಳುತ್ತದೆ. ಕೋಟ್ಯಂತರ ಬೇರೆ ತುಂಡುಗಳ ನಡುವೆ ಅದಕ್ಕೆ ಯಾರೂ ದಾರಿ ತೋರಿಸುವುದಿಲ್ಲ. ಇದಕ್ಕೆ ಸ್ವಯಂಜೋಡಣೆ ಅನ್ನುತ್ತಾರೆ. ನನ್ನ ಇಡೀ ಮಾತು ಈ ಒಂದು ಪದದ ಸುತ್ತ.

ತೊಡಕು ಎಲ್ಲಿದೆ ಎಂದರೆ, ಅದೇ ಪಿಸಿಆರ್ ನಳಿಗೆಯಲ್ಲಿ ಒಂದು ಕಿಣ್ವವೂ ಇರುತ್ತದೆ. ಮಣಿಗಳನ್ನು ಪೋಣಿಸಿ ಹೊಸ ಎಳೆ ಮಾಡುವುದು ಆ ಕಿಣ್ವ, ಅದೇ ಜಡೆ ಹಾಕುವ ಕೈ. ಕಿಣ್ವ ಅಂದರೆ ಪ್ರೋಟೀನ್. ಪ್ರೋಟೀನ್ ಮಾಡಬೇಕಾದರೆ ಅದರ ಬರಹ ಡಿಎನ್‌ಎಯಲ್ಲಿ ಇರಬೇಕು. ಡಿಎನ್‌ಎ ನಕಲಾಗಬೇಕಾದರೆ ಪ್ರೋಟೀನ್ ಬೇಕು. ಬೀಜ ಮೊದಲೋ ಮರ ಮೊದಲೋ ಎನ್ನುವ ಹಳೆಯ ಪ್ರಶ್ನೆಯೇ ಇದು.

ಈ ಗಂಟನ್ನು ಸ್ವಲ್ಪ ಸಡಿಲಿಸಿದ್ದು ಡಿಎನ್‌ಎಯ ತಂಗಿ ಆರ್‌ಎನ್‌ಎ. ಇದು ಸಾಮಾನ್ಯವಾಗಿ ಒಂದೇ ಎಳೆ. ಬರಹವನ್ನು ಇಟ್ಟುಕೊಳ್ಳುವುದರ ಜೊತೆಗೆ ಕಿಣ್ವದ ಹಾಗೆ ಕೆಲಸವನ್ನೂ ಮಾಡಬಲ್ಲದು ಎಂದು ತೋರಿಸಿದ ಥಾಮಸ್ ಚೆಕ್ ಮತ್ತು ಸಿಡ್ನಿ ಆಲ್ಟ್‌ಮನ್ ಅವರಿಗೆ 1989ರಲ್ಲಿ ನೊಬೆಲ್ ಬಂತು. ನಮ್ಮ ದೇಹದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮ್ ಎಂಬ ಕಾರ್ಖಾನೆಯ ಒಡಲಲ್ಲಿ ಕೆಲಸ ಮಾಡುವುದೂ ಆರ್‌ಎನ್‌ಎಯೇ. ಅದರ ರಚನೆಯನ್ನು ಬಿಡಿಸಿದ್ದಕ್ಕೆ 2009ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಒಬ್ಬರು. ಹಾಗಾದರೆ ಮೊದಲು ಬಂದದ್ದು ಆರ್‌ಎನ್‌ಎ ಇರಬಹುದು. ಸರಿ, ಆ ಮೊದಲ ಆರ್‌ಎನ್‌ಎ ಎಳೆಯನ್ನು ಪೋಣಿಸಿದ್ದು ಯಾರು?

ಮಣಿಯ ಭಾಗಗಳು ಸಿಗುವುದು ಅಂಥ ಕಷ್ಟವಲ್ಲ. ಮೊದಲ ಭೂಮಿಯ ನೀರಿನಲ್ಲಿ ಇಂಥ ವಸ್ತುಗಳು ತಾವಾಗಿ ಹುಟ್ಟಿ ಕೂಡಿಕೊಂಡಿರಬೇಕು ಎಂದು 1929ರಲ್ಲಿ ಬರೆದವರು ಜೆ.ಬಿ.ಎಸ್. ಹಾಲ್ಡೇನ್. ಇವರು ಆಮೇಲೆ ಇಂಗ್ಲೆಂಡ್ ಬಿಟ್ಟು ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯಾದರು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. 1953ರಲ್ಲಿ ಅಮೆರಿಕದ ಸ್ಟಾನ್ಲಿ ಮಿಲ್ಲರ್ ಗಾಜಿನ ಬುರುಡೆಯಲ್ಲಿ ಮೀಥೇನ್, ಅಮೋನಿಯಾ, ಹೈಡ್ರೋಜನ್, ನೀರಾವಿ ತುಂಬಿ, ಮಿಂಚಿನ ಬದಲು ವಿದ್ಯುತ್ ಕಿಡಿ ಹಾರಿಸಿದರು. ಒಂದು ವಾರದೊಳಗೆ ಪ್ರೋಟೀನಿನ ಮಣಿಗಳಾದ ಅಮೈನೋ ಆಮ್ಲಗಳು ಬಂದವು. ಕೆಲವು ವರ್ಷಗಳ ನಂತರ ಹ್ವಾನ್ ಓರೋ ಎಂಬವರು ಸಯನೈಡಿನಿಂದ ಎ ಅಕ್ಷರವನ್ನೇ ಪಡೆದರು. ಸಯನೈಡ್ ನಮಗೆ ವಿಷ, ಆದರೆ ಐದು ಹೈಡ್ರೋಜನ್ ಸಯನೈಡ್ ಅಣು ಕೂಡಿದರೆ ಅಡೆನಿನ್! ಆಕಾಶದಲ್ಲೂ ಇವು ಇವೆ. ಬೆನ್ನು ಎಂಬ ಕ್ಷುದ್ರಗ್ರಹದಿಂದ ನಾಸಾದ ನೌಕೆ 2023ರಲ್ಲಿ ಮಣ್ಣು ತಂದಿತು. ಡಿಎನ್‌ಎ, ಆರ್‌ಎನ್‌ಎ ಎರಡಕ್ಕೂ ಬೇಕಾದ ಐದೂ ಅಕ್ಷರಗಳು ಅದರಲ್ಲಿವೆ ಎಂದು 2025ರ ಜನವರಿಯಲ್ಲಿ ಪ್ರಕಟವಾಯಿತು. ಅಕ್ಷರ, ಸಕ್ಕರೆ, ಫಾಸ್ಫೇಟ್ ಮೂರನ್ನೂ ಕೂಡಿಸಿ ಪೂರ್ತಿ ಮಣಿ ಮಾಡುವುದು ಬಹಳ ಕಾಲ ಆಗದ ಕೆಲಸವಾಗಿತ್ತು. 2009ರಲ್ಲಿ ಇಂಗ್ಲೆಂಡಿನ ಜಾನ್ ಸದರ್ಲೆಂಡ್ ತಂಡ ಬೇರೊಂದು ಸುತ್ತುದಾರಿಯಿಂದ ಎರಡು ಬಗೆಯ ಮಣಿ ಮಾಡಿ ತೋರಿಸಿತು.

ಮಣಿಗಳಿದ್ದರೆ ಸರವಾಯಿತೇ? ಇಲ್ಲಿ ಒಂದು ಪ್ರಸಿದ್ಧ ಆಕ್ಷೇಪಣೆ ಇದೆ. ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ಕೇಳಿದ್ದು: ಗುಜರಿಯ ಮೇಲೆ ಬಿರುಗಾಳಿ ಬೀಸಿದರೆ ವಿಮಾನ ಜೋಡಣೆಯಾಗುತ್ತದೆಯೇ? ನಮ್ಮ ಲೆಕ್ಕದಲ್ಲಿ ಆನವಟ್ಟಿ ಬಸ್ಸು ಅಂದುಕೊಳ್ಳಿ. ಆಗುವುದಿಲ್ಲ, ನಿಜ. ಲೆಕ್ಕವೂ ಹಾಗೇ ಹೇಳುತ್ತದೆ. ನಾಲ್ಕು ಅಕ್ಷರದಲ್ಲಿ 10 ಮಣಿಯ ಸರ ಮಾಡಿದರೆ ಸುಮಾರು ಹತ್ತೂವರೆ ಲಕ್ಷ ಬಗೆ. 20 ಮಣಿಯಾದರೆ ಸುಮಾರು 1.1 ಲಕ್ಷ ಕೋಟಿ ಬಗೆ. 100 ಮಣಿಯಾದರೆ ಅದು 61 ಅಂಕಿಗಳ ಸಂಖ್ಯೆ, ಭೂಮಿಯನ್ನೆಲ್ಲ ಅರೆದರೂ ಒಂದೊಂದು ಮಾಡಿ ನೋಡಲು ವಸ್ತು ಸಾಲದು. ಬರೀ ಆಕಸ್ಮಿಕದಿಂದ ಉದ್ದ ಸರ ಬರುವುದಿಲ್ಲ ಎಂದು ಹಾಯ್ಲ್ ಹೇಳಿದರೆ ನಾನು ಒಪ್ಪುತ್ತೇನೆ.

ಆದರೆ ಗುಜರಿಯ ಬೋಲ್ಟಿಗೆ ನಟ್ಟಿನ ಮೇಲೆ ಯಾವ ಮೋಹವೂ ಇಲ್ಲ. ಅಣುಗಳು ಹಾಗಲ್ಲ. ಮನೆಯಲ್ಲಿ ಜೋನಿಬೆಲ್ಲದ ಡಬ್ಬಿ ತೆಗೆದು ನೋಡಿ. ತಿಂಗಳುಗಟ್ಟಲೆ ಇಟ್ಟ ಡಬ್ಬಿಯ ತಳದಲ್ಲಿ ಹರಳು ಕಟ್ಟಿರುತ್ತದೆ. ಚಪ್ಪಟೆ ಮೈ, ಚೂಪು ಅಂಚು, ಉಳಿಯಿಂದ ಕೆತ್ತಿದ ಹಾಗೆ. ಆಲೆಮನೆಯಲ್ಲಿ ಅದನ್ನು ಯಾರೂ ಕೆತ್ತಿ ಹಾಕಿರಲಿಲ್ಲ. ಸಕ್ಕರೆಯ ಅಣುವಿನ ಆಕಾರ, ಅದರ ಸೆಳೆತ ಎರಡೂ ಸೇರಿ ಪಕ್ಕದ ಅಣು ಎಲ್ಲಿ ಕೂರಬೇಕು ಎನ್ನುವುದನ್ನು ತೀರ್ಮಾನಿಸುತ್ತವೆ. ಸಾರಿನ ಮೇಲೆ ಎಣ್ಣೆಯ ಹನಿಗಳು ಒಂದಕ್ಕೊಂದು ಸೇರಿ ದೊಡ್ಡದಾಗುವುದನ್ನೂ ನೋಡಿದ್ದೀರಿ. ಆಕಸ್ಮಿಕ ಅಣುಗಳನ್ನು ಹತ್ತಿರ ತರುತ್ತದೆ, ಹೇಗೆ ನಿಲ್ಲಬೇಕು ಎಂಬುದನ್ನು ಅವುಗಳ ಮೈಕಟ್ಟೇ ಹೇಳುತ್ತದೆ.

ಈ ಮೈಕಟ್ಟಿನ ಕಥೆಯಲ್ಲಿ ಒಂದು ದೊಡ್ಡ ಅಧ್ಯಾಯ ಬೆಂಗಳೂರಿನಲ್ಲಿ ನಡೆದಿದೆ. ನಮ್ಮ ಮಕ್ಕಳಿಗೆ ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ನಿಂತು ಹೇಳುತ್ತೇನೆ. ದ್ರವಸ್ಫಟಿಕ ಎಂಬ ವಸ್ತುಗಳಿವೆ. ನೀರಿನಂತೆ ಹರಿಯುತ್ತವೆ, ಹರಳಿನಂತೆ ಸಾಲುಗಟ್ಟಿಯೂ ಇರುತ್ತವೆ. ಕ್ಯಾಲ್ಕ್ಯುಲೇಟರ್‌ನ, ಟಿವಿಯ ಎಲ್‌ಸಿಡಿ ಪರದೆಯಲ್ಲಿ ಎಲ್‌ಸಿ ಅಂದರೆ ಅದೇ. 1888ರಿಂದಲೂ ಇವು ಗೊತ್ತಿದ್ದವು. ಆದರೆ ಕಡ್ಡಿಯಂತೆ ಉದ್ದವಿರುವ ಅಣುಗಳಷ್ಟೇ ಹೀಗೆ ಮಾಡುತ್ತವೆ ಎಂದು ತಿಳಿದಿದ್ದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಸ್. ಚಂದ್ರಶೇಖರ್ 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋಗಿ ದ್ರವಸ್ಫಟಿಕಗಳ ಪ್ರಯೋಗಾಲಯ ಕಟ್ಟಿದರು. ನಕ್ಷತ್ರಗಳ ಚಂದ್ರಶೇಖರ್ ಬೇರೆ, ಇವರು ಬೇರೆ. ಇಬ್ಬರೂ ಸಿ.ವಿ. ರಾಮನ್ ಕುಟುಂಬದವರೇ. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಮೂವರೂ ಸೇರಿ ಬಿಲ್ಲೆಯಂತೆ ಚಪ್ಪಟೆಯಾದ ಅಣುಗಳೂ ದ್ರವಸ್ಫಟಿಕವಾಗುತ್ತವೆ ಎಂದು ತೋರಿಸಿದರು. ಬಳೆಗಾರನ ಮಲಾರ ನೋಡಿದ್ದೀರಲ್ಲ, ಬಳೆಯ ಮೇಲೆ ಬಳೆ ಕೂತು ಕಂಬವಾಗುವ ಹಾಗೆ ಬಿಲ್ಲೆಯ ಮೇಲೆ ಬಿಲ್ಲೆ ಕೂತು ಕಂಬ, ಕಂಬಗಳ ಪಕ್ಕ ಕಂಬ. ಅವರು ಅದನ್ನು ಪ್ರಕಟಿಸಿದ್ದು ಬೆಂಗಳೂರಿನಿಂದಲೇ ಹೊರಡುವ 'ಪ್ರಮಾಣ' ಎಂಬ ಪತ್ರಿಕೆಯಲ್ಲಿ. ಇಂಥ ಬಿಲ್ಲೆ ಅಣುಗಳ ಪದರವನ್ನು ಮುಂದೆ ಪರದೆಗಳಿಗೆ ಹಚ್ಚಿದರು, ಪಕ್ಕದಿಂದ ನೋಡಿದರೂ ಚಿತ್ರ ಕಾಣಲಿ ಅಂತ.

ಪರದೆಗೂ ಜೀವಕ್ಕೂ ಏನು ಸಂಬಂಧ? ಡಿಎನ್‌ಎಯ ಅಕ್ಷರಗಳು ಸಹ ಚಪ್ಪಟೆ ಬಿಲ್ಲೆಗಳೇ. ಅವುಗಳ ಚಪ್ಪಟೆ ಮುಖಕ್ಕೆ ಎಣ್ಣೆಯಂತೆ ನೀರು ಆಗದು. ಹಾಗಾಗಿ ನೀರಿನಲ್ಲಿ ಒಂದರ ಮೇಲೊಂದು ಕೂರುತ್ತವೆ. ಅಂಚಿನಲ್ಲಿ ಒತ್ತುಗುಂಡಿ, ಮುಖದಲ್ಲಿ ನೀರಿನ ಹಗೆ, ಈ ಎರಡೇ ಗುಣ. 2007ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ನೋಯೆಲ್ ಕ್ಲಾರ್ಕ್ ಮತ್ತು ಇಟಲಿಯ ಮಿಲಾನಿನ ತೊಮ್ಮಾಸೊ ಬೆಲ್ಲಿನಿ ತಂಡಗಳು ಬರೀ 6ರಿಂದ 20 ಜೋಡಿ ಅಕ್ಷರದ ತುಂಡು ಡಿಎನ್‌ಎಗಳನ್ನು ನೀರಿನಲ್ಲಿ ದಟ್ಟವಾಗಿ ಕರಗಿಸಿ ನೋಡಿದವು. ಅಷ್ಟು ಗಿಡ್ಡ ತುಂಡು ಸಾಲುಗಟ್ಟಬಾರದಿತ್ತು. ಆದರೆ ತುದಿಗೆ ತುದಿ ಕೂತು ಕೋಲಾದವು, ಕೋಲುಗಳು ಒತ್ತೊತ್ತಾಗಿ ನಿಂತು ದ್ರವಸ್ಫಟಿಕದ ಹನಿಗಳಾದವು. ಇನ್ನೂ ವಿಚಿತ್ರವೆಂದರೆ, ಜೋಡಿ ಸಿಕ್ಕ ತುಂಡುಗಳು ಹನಿಯೊಳಗೆ ಸೇರಿದವು, ಜೋಡಿ ಸಿಗದವು ಹೊರಗೆ ಉಳಿದವು. ಜಾತ್ರೆಯಲ್ಲಿ ತಮ್ಮವರು ತಮ್ಮವರೇ ಒಂದು ಕಡೆ ಗುಂಪಾದ ಹಾಗೆ. 2015ರಲ್ಲಿ ಅದೇ ಗುಂಪು ಇನ್ನೊಂದು ಹೆಜ್ಜೆ ಹೋಯಿತು. ಹನಿಯೊಳಗಿನ ತುಂಡುಗಳನ್ನು ಬೆಸೆಯುವ ಒಂದು ರಾಸಾಯನಿಕ ಹಾಕಿದಾಗ ಅವು ಉದ್ದ ಸರಗಳಾದವು. ಮೊದಲೇ ಸಾಲಿನಲ್ಲಿ ನಿಂತಿದ್ದರಿಂದ ಬೆಸುಗೆ ಸುಲಭವಾಯಿತು. ಕಿಣ್ವ ಇರಲಿಲ್ಲ. ಬೆಸೆಯುವ ರಾಸಾಯನಿಕವನ್ನು ಮನುಷ್ಯರು ಹಾಕಿದ್ದರು ಎನ್ನುವುದನ್ನೂ ಮರೆಯಬಾರದು.

ಇವೆಲ್ಲ ಮಾಡಿಟ್ಟ ತುಂಡುಗಳು. ಬಿಡಿ ಅಕ್ಷರಗಳ ಕಥೆ? ಇವತ್ತಿನ ಎ, ಜಿ, ಸಿ, ಟಿಗಳನ್ನು ಬಿಡಿಬಿಡಿಯಾಗಿ ನೀರಿಗೆ ಹಾಕಿದರೆ ಅವು ಜೋಡಿಯಾಗಿ ಕಂಬ ಕಟ್ಟುವುದಿಲ್ಲ. ಅಟ್ಲಾಂಟಾದ ಜಾರ್ಜಿಯಾ ಟೆಕ್‌ನ ನಿಕೋಲಸ್ ಹಡ್ ಅವರ ತಂಡ ಅವುಗಳ ಹತ್ತಿರದ ನೆಂಟರನ್ನು ಹಿಡಿಯಿತು. ಎರಡು ಬಗೆಯ ಅಣು, ಇವು ಮೂರು ಅವು ಮೂರು ಸೇರಿ ಆರರ ಚಕ್ರವಾದವು, ಚಕ್ರದ ಮೇಲೆ ಚಕ್ರ ಕೂತು ಸಾವಿರಾರು ಚಕ್ರದ ಎಳೆಗಳಾದವು. ಮತ್ತೆ ಅದೇ ಬಳೆಯ ಮಲಾರ! ಅದು 2013ರ ವರದಿ. 2016ರಲ್ಲಿ ಇಂಥದೇ ಬೇರೆ ಎರಡು ನೆಂಟರು, ಬಾರ್ಬಿಟ್ಯೂರಿಕ್ ಆಮ್ಲ ಮತ್ತು ಮೆಲಮಿನ್, ಸಕ್ಕರೆ ಮತ್ತು ಫಾಸ್ಫೇಟಿಗೆ ತಾವೇ ಅಂಟಿಕೊಂಡು ಮಣಿಯಾಗಿ, ಆ ಮಣಿಗಳು ನೀರಿನಲ್ಲಿ ಜೋಡಿಯಾಗಿ ಕಂಬ ಕಟ್ಟಿದ್ದನ್ನು ತೋರಿಸಿದರು. ಮೊದಲ ಲಿಪಿ ಇವತ್ತಿನ ಲಿಪಿಯೇ ಆಗಿರಬೇಕಿಲ್ಲ ಎಂಬುದು ಹಡ್ ಅವರ ವಾದ. ನಮ್ಮ ಪಕ್ಕದ ತಾಳಗುಂದದ ಶಾಸನದ ಲಿಪಿಯನ್ನು ಇವತ್ತಿನ ಕನ್ನಡ ಪುಸ್ತಕದ ಪಕ್ಕ ಇಟ್ಟು ನೋಡಿದವರಿಗೆ ಇದು ಒಪ್ಪಿಗೆಯಾಗಬಹುದು. ನನಗಂತೂ ಎಲ್ಲಕ್ಕಿಂತ ಹಿಡಿಸಿದ ವಾದ ಇದೇ.

ಈಗ ಕೆರೆಯ ವಿಷಯಕ್ಕೆ ಬರುತ್ತೇನೆ. ಮಣಿ ಮಣಿಗೆ ಗಟ್ಟಿಯಾಗಿ ಬೆಸೆದುಕೊಳ್ಳುವಾಗ ಒಂದು ನೀರಿನ ಅಣು ಹೊರಗೆ ಬರುತ್ತದೆ. ಸುತ್ತ ನೀರೇ ತುಂಬಿದ್ದರೆ ಆ ಬೆಸುಗೆ ಆಗುವುದು ಕಷ್ಟ, ಆದದ್ದೂ ಬಿಟ್ಟುಕೊಳ್ಳುತ್ತದೆ. ಸಮುದ್ರದ ನಡುವೆ ಜೀವ ಹುಟ್ಟಿತು ಎನ್ನುವವರಿಗೆ ಇದು ದೊಡ್ಡ ತೊಂದರೆ. 1871ರಲ್ಲಿ ಡಾರ್ವಿನ್ ಗೆಳೆಯ ಹೂಕರ್‌ಗೆ ಬರೆದ ಕಾಗದದಲ್ಲಿ ಬೆಚ್ಚಗಿನ ಒಂದು ಪುಟ್ಟ ಹೊಂಡದ ಕಲ್ಪನೆ ಮಾಡಿದ್ದರು. ಹೊಂಡಕ್ಕೆ ಸಮುದ್ರಕ್ಕಿಲ್ಲದ ಒಂದು ಗುಣವಿದೆ: ಅದು ಬತ್ತುತ್ತದೆ. ಸೊರಬ, ಶಿಕಾರಿಪುರದ ಕೆರೆಗಳ ನಡುವೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏಪ್ರಿಲ್‌ನಲ್ಲಿ ನೀರು ಇಳಿಯುತ್ತಾ ಹೋದಂತೆ ಕರಗಿದ್ದೆಲ್ಲ ದಟ್ಟವಾಗಿ ಅಂಚಿನಲ್ಲಿ ಪೊರೆಗಟ್ಟುತ್ತದೆ, ಕೆಸರು ಬಿರಿಯುತ್ತದೆ, ಜೂನ್‌ನಲ್ಲಿ ಮತ್ತೆ ನೆನೆಯುತ್ತದೆ. ಒಣಗುವಾಗ ಬೆಸುಗೆ, ನೆನೆಯುವಾಗ ಕಲೆತು ಹೊಸ ಜೋಡಣೆ. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿ ಡೇವಿಡ್ ಡೀಮರ್ ಅವರ ಪ್ರಯೋಗಾಲಯದಲ್ಲಿ ಇದನ್ನು ಮಾಡಿ ನೋಡಿದವರಲ್ಲಿ ಸುಧಾ ರಾಜಮಣಿ ಮುಖ್ಯರು. ಬಿಡಿ ಮಣಿಗಳನ್ನು ಕೊಬ್ಬಿನಂಥ ಅಣುಗಳ ಜೊತೆ ಬೆರೆಸಿ, ಬಿಸಿಯಲ್ಲಿ ಒಣಗಿಸಿ, ನೆನೆಸಿ, ಮತ್ತೆ ಒಣಗಿಸಿದರು. ಕೊಬ್ಬು ಒಣಗುವಾಗ ಪದರ ಪದರವಾಗಿ ನಿಂತು ನಡುವೆ ಮಣಿಗಳನ್ನು ಹಿಡಿದುಕೊಳ್ಳುತ್ತದೆ. ಕಿಣ್ವವಿಲ್ಲದೆ ಆರ್‌ಎನ್‌ಎಯಂಥ ಸರಗಳು ಬಂದವು ಎಂದು 2008ರಲ್ಲಿ ಪ್ರಕಟಿಸಿದರು. ಅದೇ ಕೊಬ್ಬು ನೆನೆದಾಗ ಗುಳ್ಳೆಯಾಗಿ ಸರಗಳನ್ನು ಒಳಗೆ ಸುತ್ತಿಕೊಳ್ಳಬಲ್ಲದು, ಕೋಶದ ಗೋಡೆಯ ಹಾಗೆ. ಅವರು ಈಗ ಪುಣೆಯ ಐಸರ್‌ನಲ್ಲಿ ಇದೇ ವಿಷಯದ ಪ್ರಯೋಗಾಲಯ ನಡೆಸುತ್ತಿದ್ದಾರೆ.

ಹಾಗಾದರೆ ನಮ್ಮ ಕೆರೆಯಲ್ಲಿ ಈಗ ಯಾಕೆ ಹೊಸ ಜೀವ ಹುಟ್ಟುವುದಿಲ್ಲ ಎಂದು ನೀವು ಕೇಳಬಹುದು. ಉತ್ತರ ಡಾರ್ವಿನ್ನರ ಅದೇ ಕಾಗದದಲ್ಲಿದೆ: ಈಗ ಅಂಥದ್ದು ಹುಟ್ಟಿದರೂ ಇರುವ ಜೀವಿಗಳು ಅದನ್ನು ತಕ್ಷಣ ತಿಂದುಬಿಡುತ್ತವೆ. ಜೊತೆಗೆ ಈಗಿನ ಗಾಳಿಯಲ್ಲಿ ಆಮ್ಲಜನಕವಿದೆ, ಆಗ ಹೆಚ್ಚುಕಡಿಮೆ ಇರಲಿಲ್ಲ. ಡೀಮರ್ ಹೇಳುವ ಹೊಂಡಗಳು ಜ್ವಾಲಾಮುಖಿಯ ಬಿಸಿನೀರಿನವು, ನಮ್ಮ ಬೇಸಿಗೆ ಅಷ್ಟು ಕಾಯುವುದಿಲ್ಲ.

ಇದೆಲ್ಲ ಎಷ್ಟು ಹಿಂದಿನ ಮಾತು? ಭೂಮಿಗೆ ಸುಮಾರು 454 ಕೋಟಿ ವರ್ಷ. ಹಾಸನ ಜಿಲ್ಲೆಯ ಗೊರೂರಿನ ಬಂಡೆಗಳಿಗೆ ಸುಮಾರು 330 ಕೋಟಿ. ನಮ್ಮ ಜಿಲ್ಲೆಯ ಹೆಸರಿನದೇ ಶಿಲಾಪಟ್ಟಿ ಒಂದಿದೆ. ಅದರ 250 ಕೋಟಿ ವರ್ಷಕ್ಕೂ ಹಳೆಯ ಕಲ್ಲುಗಳಲ್ಲಿ ಸ್ಟ್ರೊಮ್ಯಾಟೊಲೈಟ್ ಸಿಕ್ಕಿವೆ. ಕೆರೆಯ ಪಾಚಿಯಂತೆ ಹಾಸಾಗಿ ಬೆಳೆದ ಸೂಕ್ಷ್ಮಜೀವಿಗಳು ಪದರ ಪದರವಾಗಿ ಬಿಟ್ಟುಹೋದ ಗುರುತು ಅದು.

ಗೊತ್ತಿಲ್ಲದ್ದೂ ಇದೆ, ಅದು ಸಣ್ಣದಲ್ಲ. ಕಿಣ್ವವಿಲ್ಲದೆ ಒಂದು ಉದ್ದ ಆರ್‌ಎನ್‌ಎ ತನ್ನನ್ನು ತಾನೇ ಮತ್ತೆ ಮತ್ತೆ ನಕಲು ಮಾಡಿಕೊಳ್ಳುವುದನ್ನು ಯಾರೂ ಇನ್ನೂ ಮಾಡಿ ತೋರಿಸಿಲ್ಲ. ಸರ ಆಗುವುದು ಒಂದು, ಸರದಲ್ಲಿ ಅರ್ಥವಿರುವ ಬರಹ ಬರುವುದು ಇನ್ನೊಂದು. ಜೀವವನ್ನು ಪ್ರಯೋಗಾಲಯದಲ್ಲಿ ಹುಟ್ಟಿಸಿದ್ದಾರೆ ಎಂದು ವಾಟ್ಸಾಪ್‌ನಲ್ಲಿ ಬಂದರೆ ನಂಬಬೇಡಿ. ಇದು ಎಂದಿಗೂ ಸಾಧ್ಯವಿಲ್ಲ ಎಂದು ಬಂದರೂ ನಂಬಬೇಡಿ.

ನಿನ್ನೆ ಸಂಜೆ ಅರಳಿಕಟ್ಟೆಯಲ್ಲಿ ಹಿರಿಯರೊಬ್ಬರು ಕೇಳಿದರು: ತಮ್ಮಾ, ಎಲ್ಲ ತಾನೇ ಜೋಡಣೆಯಾಯಿತು ಅಂದರೆ ದೇವರಿಗೆ ಏನು ಕೆಲಸ? ನಾನು ಹೇಳಿದ್ದು ಇಷ್ಟೇ, ಅಜ್ಜಾ, ಜೋನಿಬೆಲ್ಲ ಹರಳುಗಟ್ಟುವುದು ಹೇಗೆ ಅಂತ ತಿಳಿದ ಮೇಲೆ ನೀವು ನೈವೇದ್ಯ ಬಿಟ್ಟಿರಾ? ಅಣುಗಳಿಗೆ ಆ ಮೈಕಟ್ಟು ಯಾಕೆ ಎನ್ನುವ ಪ್ರಶ್ನೆ ಆಮೇಲೂ ಉಳಿದೇ ಇರುತ್ತದೆ. ಅಲ್ಲಮ ಹುಟ್ಟಿದ ಬಳ್ಳಿಗಾವಿ, ಅಕ್ಕ ಹುಟ್ಟಿದ ಉಡುತಡಿ ಇಲ್ಲೇ ಪಕ್ಕದಲ್ಲಿವೆ, ಈ ಸೀಮೆಯಲ್ಲಿ ಯಾವ ಪ್ರಶ್ನೆಗೂ ಮಡಿ ಮೈಲಿಗೆ ಇರಬೇಕಿಲ್ಲ.

ಮಕ್ಕಳು ಇದರಿಂದ ಕೆಲಸ ಸಿಗುತ್ತದಾ ಸಾರ್ ಅಂತ ಕೇಳಬಹುದು. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿದ್ದಾಗ ಯಮುನಾ ಕೃಷ್ಣನ್ ಅವರ ತಂಡ ಇದೇ ಸ್ವಯಂಜೋಡಣೆಯಿಂದ ಡಿಎನ್‌ಎಯ ಒಂದು ಪುಟ್ಟ ಯಂತ್ರ ಮಾಡಿ, 2009ರಲ್ಲಿ ಜೀವಂತ ಕೋಶದೊಳಗಿನ ಹುಳಿಯನ್ನು ಅಳೆಯಿತು. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಟಿ. ಗೋವಿಂದರಾಜು ಅವರ ತಂಡ ಡಿಎನ್‌ಎ ಮತ್ತು ಸಣ್ಣ ಅಣುಗಳ ಜೋಡಣೆಯ ಮೇಲೆ ಕೆಲಸ ಮಾಡುತ್ತದೆ, 2021ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು. ಇಲ್ಲಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಸಿಗುವ ಜಾಗಗಳು ಇವು.

ನನ್ನ ಸಮಯ ಮುಗಿಯಿತು, ಊಟದ ಪಂಕ್ತಿಗೆ ಎಲೆ ಹಾಕುತ್ತಿದ್ದಾರೆ. ವಿಜ್ಞಾನ ಕೊಠಡಿಯ ಮೇಜಿನ ಮೇಲೆ ಎರಡು ಸಣ್ಣ ಬೂದು ಹಾಳೆ ಇಟ್ಟಿದ್ದೇನೆ, ಎರಡು ಹಾಳಾದ ಕ್ಯಾಲ್ಕ್ಯುಲೇಟರ್‌ಗಳ ಪರದೆಯ ಮುಂಭಾಗದಿಂದ ಕಿತ್ತದ್ದು. ಒಂದರ ಮೇಲೊಂದು ಇಟ್ಟು ಒಂದನ್ನು ತಿರುಗಿಸಿ, ಪೂರ್ತಿ ಕತ್ತಲಾಗುತ್ತದೆ. ಈಗ ನಡುವೆ ಪಕ್ಕದ ಗಾಜಿನಲ್ಲಿರುವ ಜೋನಿಬೆಲ್ಲದ ಹರಳು ಹಿಡಿಯಿರಿ. ಸುತ್ತ ಕತ್ತಲು, ಹರಳಷ್ಟೇ ಹೊಳೆಯುತ್ತದೆ, ಒಳಗೆ ಅಣುಗಳು ಸಾಲಾಗಿ ನಿಂತಿರುವುದರಿಂದ. ರಾಮನ್ ಸಂಸ್ಥೆಯವರು ಸೂಕ್ಷ್ಮದರ್ಶಕದ ಕೆಳಗೆ ಬಿಲ್ಲೆಯ ಅಣುಗಳನ್ನು ನೋಡುವುದಕ್ಕೂ, ಕ್ಲಾರ್ಕ್ ತಂಡ ಡಿಎನ್‌ಎ ಹನಿಗಳನ್ನು ನೋಡುವುದಕ್ಕೂ ಬಳಸುವ ಉಪಾಯ ಇದೇ. ಊಟ ಮಾಡಿ ಕೈ ತೊಳೆದುಕೊಂಡು ಬನ್ನಿ, ಹಾಳೆಗೆ ಬೆಲ್ಲ ಮೆತ್ತಿದರೆ ಏನೂ ಕಾಣುವುದಿಲ್ಲ.